ಕೊಲೆ ಕೇಸಿನ ಸಾಕ್ಷಿಗಳೆಲ್ಲ ಉಲ್ಟಾ ಹೊಡೆದರು, ಅವರಿಗೆ ಶಿಕ್ಷೆ ಇಲ್ಲವೇ?

ನಿಮ್ಮ ಅಣ್ಣನ ಕೊಲೆಯನ್ನು ಕಣ್ಣಾರೆ ಕಂಡ ನಾಲ್ವರೂ ಕೋರ್ಟಿನಲ್ಲಿ ‘ನಾವೇನೂ ನೋಡಿಲ್ಲ’ ಎಂದರು, ಆರೋಪಿಗಳೆಲ್ಲ ಖುಲಾಸೆಯಾದರು, ಪೊಲೀಸರ ಮುಂದೆ ಒಂದು, ಜಡ್ಜ್ ಮುಂದೆ ಇನ್ನೊಂದು ಹೇಳಿದವರಿಗೆ ಶಿಕ್ಷೆ ಇಲ್ಲವೇ ಎಂದು ಕೇಳಿದ್ದೀರಿ. ನಾನು ಮಂಡ್ಯ ಕೋರ್ಟಿನಲ್ಲಿ ಇಪ್ಪತ್ತು ವರ್ಷದಿಂದ ವಕೀಲ. ನಿಮ್ಮಂಥ ಮನೆಯವರು ತೀರ್ಪಿನ ದಿನ ಕಾರಿಡಾರಿನಲ್ಲಿ ಕುಸಿದು ಕೂತದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಶಿಕ್ಷೆ ಆಗುವುದು ಅಪರೂಪ. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಪ್ರಮಾಣವೂ ಇರುವುದಿಲ್ಲ. ಕೋರ್ಟಿನಲ್ಲಿ ‘ನಾನು ಹಾಗೆ ಹೇಳೇ ಇಲ್ಲ’ ಎಂದುಬಿಟ್ಟರೆ, ಅವರ ಮೇಲೆ ಸುಳ್ಳು ಸಾಕ್ಷಿಯ ಕೇಸು ಗೆಲ್ಲಲು ಅಷ್ಟೇ ಸಾಲದು.

ಆದರೆ ಅವರ ಮೇಲಿನ ಸಿಟ್ಟನ್ನು ಸ್ವಲ್ಪ ಪಕ್ಕಕ್ಕಿಡಿ. ಒಂದು ಕೇಸಿನಲ್ಲಿ ನಾನು ಸತ್ತವನ ಮನೆಯವರ ಪರ ಸರ್ಕಾರಿ ವಕೀಲರಿಗೆ ನೆರವಾಗುತ್ತಿದ್ದೆ. ಘಟನೆ ನಡೆದು ಆರನೇ ವರ್ಷ, ಚಾಸಾ 4, ಅಂದರೆ ಆರೋಪಪಟ್ಟಿಯ ನಾಲ್ಕನೇ ಸಾಕ್ಷಿ, ಆಗಿದ್ದ ಯಜಮಾನರು ಕಟಕಟೆ ಹತ್ತಿದರು. ಟವೆಲನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡಿಕೊಂಡೇ ‘ಪೊಲೀಸರು ನನ್ನನ್ನು ಏನೂ ಕೇಳಿಲ್ಲ’ ಎಂದರು. ಸರ್ಕಾರಿ ವಕೀಲರು ಪ್ರತಿಕೂಲ ಸಾಕ್ಷಿ (ತಿರುಗಿಬಿದ್ದ ಸಾಕ್ಷಿ) ಎಂದು ಜಡ್ಜ್ ಅನುಮತಿ ಪಡೆದು ಪಾಟಿ ಸವಾಲು, ಅಂದರೆ ಅಡ್ಡ ಪ್ರಶ್ನೆ, ಮಾಡಿದರು. ‘ಆರೋಪಿಗಳ ಜೊತೆ ರಾಜಿಯಾಗಿ ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂದು ಅವರ ಉತ್ತರ ಟೈಪಾಯಿತು. ಹತ್ತು ನಿಮಿಷ, ಮುಗಿಯಿತು. ಹೊರಗೆ ಬಂದವರು ನನ್ನ ಕೈ ಹಿಡಿದುಕೊಂಡರು. ‘ಸ್ವಾಮಿ, ನಾಲೆ ನೀರು ಅವರ ಗದ್ದೆ ದಾಟಿ ನನ್ನ ಗದ್ದೆಗೆ ಬರಬೇಕು. ಕಬ್ಬಿನ ಗಾಡಿ ಅವರ ಹೊಲದ ಮೇಲೇ ಹೋಗಬೇಕು. ನೀವು ಕೇಸು ಮುಗಿಸಿ ಮನೆಗೆ ಹೋಗ್ತೀರಿ, ನಾನು ಅಲ್ಲೇ ಬದುಕಬೇಕು.’ ಅವರನ್ನು ಯಾರೂ ದುಡ್ಡು ಕೊಟ್ಟು ಕೊಂಡಿರಲಿಲ್ಲ. ಆರು ವರ್ಷ ದಿನಾ ಬೆಳಿಗ್ಗೆ ಆ ನಾಲೆಯ ಏರಿಯ ಮೇಲೆ ಆರೋಪಿಯ ಮುಖ ನೋಡಿದ್ದರು, ಅಷ್ಟೇ. ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಆ ಕೇಸೂ 2006ರಲ್ಲಿ ಸಾಕ್ಷಿಗಳು ತಿರುಗಿಬಿದ್ದು ಬಿದ್ದುಹೋಯಿತು. ಅಲ್ಲೂ ನಡುವೆ ಆರು ವರ್ಷ.

ಸಾಕ್ಷಿ ಮುರಿಯುವುದು ಆ ನಡುವಿನ ವರ್ಷಗಳಲ್ಲಿ. ಹಾಗಾಗಿ ಕೇಸು ಇನ್ನೂ ತನಿಖೆಯಲ್ಲಿರುವ ಬೇರೆಯವರು ಇದನ್ನು ಓದುತ್ತಿದ್ದರೆ, ಕಣ್ಣಲ್ಲಿ ಕಂಡವರ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ಮುಂದೆ, ಪ್ರಮಾಣದ ಮೇಲೆ, ಮಾಡಿಸಿ ಎಂದು ತನಿಖಾಧಿಕಾರಿಯ ಬೆನ್ನು ಬೀಳಿ. 2024ರ ಜುಲೈನಿಂದ ಹಳೆಯ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂನಲ್ಲಿ, ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ದಾಖಲಿಸಲೇಬೇಕು. ಬೆದರಿಕೆ ಇದ್ದರೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ರಕ್ಷಣೆ ಕೇಳಿ ಅರ್ಜಿ ಹಾಕಬಹುದು. ಸಾಕ್ಷಿ ರಕ್ಷಣಾ ಯೋಜನೆಯನ್ನು 2018ರ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಒಪ್ಪಿ, ಅದೇ ಕಾನೂನು ಎಂದಿದೆ. ಹಳ್ಳಿಯವರಿಗೆ ಇದನ್ನು ಯಾರೂ ಹೇಳುವುದಿಲ್ಲ, ಅದೇ ನನ್ನ ಹೊಟ್ಟೆ ಉರಿ.

ನಿಮ್ಮ ಕೇಸು ಇಲ್ಲಿಗೇ ಮುಗಿದಿಲ್ಲ. ಸರ್ಕಾರ ಮೇಲ್ಮನವಿ ಹಾಕದಿದ್ದರೂ, ಅಣ್ಣನ ಹೆಂಡತಿ ಮಕ್ಕಳು ನೇರವಾಗಿ ಹೈಕೋರ್ಟಿಗೆ ಹೋಗಬಹುದು. 2009ರ ಕೊನೆಯಿಂದ ಸಂತ್ರಸ್ತರಿಗೆ ಆ ಹಕ್ಕಿದೆ. ಸಾಕ್ಷಿ ತಿರುಗಿಬಿದ್ದ ಮಾತ್ರಕ್ಕೆ ಅವನ ಮಾತೆಲ್ಲ ಕಸವಾಗುವುದಿಲ್ಲ. ನಂಬುವಂಥ ಭಾಗವನ್ನು, ಬೇರೆ ಪುರಾವೆ ಜೊತೆ ತಾಳೆಯಾದರೆ, ಬಳಸಬಹುದು ಎಂದು ಸುಪ್ರೀಂ ಕೋರ್ಟ್ ದಶಕಗಳಿಂದಲೂ ಹೇಳುತ್ತಿದೆ. ದೆಹಲಿಯ ಮಾಡೆಲ್ ಜೆಸ್ಸಿಕಾ ಲಾಲ್ ಕೊಲೆ ಕೇಸಿನಲ್ಲೂ ಸಾಕ್ಷಿಗಳು ತಿರುಗಿಬಿದ್ದು 2006ರ ಫೆಬ್ರವರಿಯಲ್ಲಿ ಎಲ್ಲರೂ ಖುಲಾಸೆಯಾಗಿದ್ದರು, ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮುಖ್ಯ ಆರೋಪಿಗೆ ಜೀವಾವಧಿ ವಿಧಿಸಿತು.

ನಾಳೆಯೇ ತೀರ್ಪಿನ ಜೊತೆ ಆ ನಾಲ್ವರ ಸಾಕ್ಷ್ಯದ ದೃಢೀಕೃತ ನಕಲಿಗೂ ಅರ್ಜಿ ಹಾಕಿ. ಮುಖ್ಯ ವಿಚಾರಣೆಯಲ್ಲಿ, ಅಂದರೆ ಸರ್ಕಾರಿ ವಕೀಲರ ಮೊದಲ ಪ್ರಶ್ನೆಗಳಿಗೆ, ಒಂದು ಸಾಲಾದರೂ ನಿಜ ಹೇಳಿ, ಆರೋಪಿ ಪರ ವಕೀಲರ ಪಾಟಿ ಸವಾಲಿಗೆ ತಿಂಗಳುಗಟ್ಟಲೆ ವಾಯಿದೆಯಾದ ಮೇಲೆ ಮಾತು ಬದಲಿಸಿದ್ದಾರಾ ಎಂದು ತಾರೀಖು ಸಮೇತ ನೋಡಿ. ಅಂಥ ಸಾಲು ಸಿಕ್ಕರೆ ಕೆಂಪು ಗೀಟು ಹಾಕಿ ಬೆಂಗಳೂರಿನ ಹೈಕೋರ್ಟ್ ವಕೀಲರ ಮುಂದೆ ಮೊದಲು ಅದನ್ನೇ ಇಡಿ.