ತಂಗಿಯನ್ನು ಆನ್‌ಲೈನ್ ಕೋಡಿಂಗ್ ಬೂಟ್‌ಕ್ಯಾಂಪಿಗೆ ಸೇರಿಸಬಹುದಾ? ಅಲ್ಲಿ ಈಗ ಜನವೇ ಸೇರುತ್ತಿಲ್ಲವಂತೆ

ನಿಮ್ಮ ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ತಂಗಿ ಹತ್ತನೇ ತನಕ ಕನ್ನಡ ಮೀಡಿಯಂ, ಈಗ ಬಿ.ಎಸ್ಸಿ. ಗಣಿತ ಮುಗಿಸಿದ್ದಾಳೆ. ಕೆಲವೇ ತಿಂಗಳಲ್ಲಿ ಕೋಡಿಂಗ್ ಕಲಿಸಿ ಕೆಲಸಕ್ಕೆ ತಯಾರು ಮಾಡುತ್ತೇವೆ ಅನ್ನುವ ಈ ಬೂಟ್‌ಕ್ಯಾಂಪಿನವರು 1.8 ಲಕ್ಷ ಕೇಳುತ್ತಿದ್ದಾರೆ, ಇಎಂಐ ಮಾಡಿಕೊಡುತ್ತಾರಂತೆ. ಇಂಥ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿರುವಾಗ ಸೇರಿಸುವುದಾ ಬೇಡವಾ ಅಂತ ಕೇಳಿದ್ದೀರಿ. ಸಾಲ ಮಾಡಿ ಮಾತ್ರ ಸೇರಿಸಬೇಡಿ.

ಕುಂಬಳೆಯ ಮನೆಯಲ್ಲೇ ಕೂತು ನಾನು ಇಂಥದ್ದೇ ಒಂದು ಕಂಪನಿಗೆ ಮೆಂಟರ್, ಅಂದರೆ ಕಲಿಯುವವರ ಡೌಟ್ ಬಿಡಿಸುವವನು, ಆಗಿದ್ದೆ. ಹೆಸರು ಬೇಡ. ಕಂಪನಿ ಮುಚ್ಚುತ್ತದಾ ಅನ್ನುವ ಹೆದರಿಕೆ ಇರಲಿ, ಆದರೆ ಮುಚ್ಚದೆ ಖರ್ಚು ಕಡಿಮೆ ಮಾಡಿಕೊಂಡು ಉಳಿದ ಕಂಪನಿಯಲ್ಲಿ ಏನು ಸಿಗುತ್ತದೆ ಅನ್ನುವುದನ್ನೂ ನೋಡಬೇಕು.

ಜನ ಯಾಕೆ ಕಡಿಮೆಯಾದರು ಅನ್ನುವುದು ಗುಟ್ಟೇನಲ್ಲ. ನಮ್ಮ ಗಡಿ ದಾಟಿದರೆ ಮುಡಿಪಿನಲ್ಲಿ ಇನ್ಫೋಸಿಸ್ ಕ್ಯಾಂಪಸ್ ಇದೆಯಲ್ಲ, ಆ ಕಂಪನಿ 2022-23ರಲ್ಲಿ ದೇಶದಾದ್ಯಂತ ಸುಮಾರು 50,000 ಫ್ರೆಶರ್‌ಗಳನ್ನು ತೆಗೆದುಕೊಂಡಿತ್ತು. ಮರುವರ್ಷ ತೆಗೆದುಕೊಂಡದ್ದು 11,900. ಬಿ.ಇ. ಆದವರೇ ಆಫರ್ ಲೆಟರ್ ಹಿಡಿದು ಕಾಯುತ್ತಿರುವಾಗ ಬೂಟ್‌ಕ್ಯಾಂಪ್ ಸರ್ಟಿಫಿಕೇಟಿಗೆ ಯಾರು ಮಣೆ ಹಾಕುತ್ತಾರೆ? ಮೇಲಿಂದ ಚಾಟ್‌ಜಿಪಿಟಿ ಬಂತು. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸವನ್ನೇ ಅದು ಮೊದಲು ಮಾಡತೊಡಗಿತು.

ಅಮೆರಿಕದಲ್ಲೂ ಇದೇ ಕಥೆ. ಟೂಯು ಅನ್ನುವ ಕಂಪನಿ 2019ರಲ್ಲಿ 75 ಕೋಟಿ ಡಾಲರ್ ಕೊಟ್ಟು ಟ್ರಿಲಜಿ ಅನ್ನುವ ಬೂಟ್‌ಕ್ಯಾಂಪ್ ಕಂಪನಿಯನ್ನು ಕೊಂಡಿತು. ದೊಡ್ಡ ದೊಡ್ಡ ಯೂನಿವರ್ಸಿಟಿಗಳ ಹೆಸರಿನಲ್ಲಿ ಕೋರ್ಸ್ ನಡೆಸಿತು. 2024ರ ಡಿಸೆಂಬರಿನಲ್ಲಿ, ಇನ್ನು ಬೂಟ್‌ಕ್ಯಾಂಪ್ ನಡೆಸುವುದಿಲ್ಲ ಅಂತ ಹೇಳಿತು. ಹಾಗಂತ ಎಲ್ಲದಕ್ಕೂ ಎಐ ಮೇಲೆ ಗೂಬೆ ಕೂರಿಸುವುದೂ ಸರಿಯಲ್ಲ. ಈ ಧಂದೆ ಶುರು ಮಾಡಿದವರಲ್ಲಿ ಒಂದಾದ ಡೆವ್ ಬೂಟ್‌ಕ್ಯಾಂಪ್ 2017ರಲ್ಲೇ ಬಾಗಿಲು ಹಾಕಿತ್ತು.

ಈಗ ಒಳಗಿನ ಸಂಗತಿ. ವೀಡಿಯೊ ಒಂದು ಸಲ ರೆಕಾರ್ಡ್ ಮಾಡಿದರೆ ಮುಗಿಯಿತು. ತಿಂಗಳು ತಿಂಗಳು ದುಡ್ಡು ತಿನ್ನುವುದು ಜಾಹೀರಾತು, ಮೆಂಟರ್‌ಗಳು ಮತ್ತು ಪ್ಲೇಸ್‌ಮೆಂಟ್ ಟೀಮ್. ಜನ ಕಡಿಮೆಯಾದಾಗ ಜಾಹೀರಾತು ನಿಲ್ಲಿಸಲು ಆಗುವುದಿಲ್ಲ, ಇನ್ನೂ ಜಾಸ್ತಿ ಮಾಡಬೇಕಾಗುತ್ತದೆ. ಹಾಗಾಗಿ ಕತ್ತರಿ ಬೀಳುವುದು ಉಳಿದ ಎರಡಕ್ಕೆ. ತೋಟಕ್ಕೆ ಮದ್ದು ಬಿಡುವುದನ್ನು ನಿಲ್ಲಿಸಿ ಗೇಟಿಗೆ ಪೇಂಟ್ ಹೊಡೆದ ಹಾಗೆ.

ನನ್ನ ಸೆಷನ್ನಿಗೆ ಪೆರ್ಲದ ಕಡೆಯ ಒಬ್ಬಳು ಹುಡುಗಿ ಬರುತ್ತಿದ್ದಳು. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಗುಡ್ಡೆಯ ಮೇಲೆ ಹೋಗಿ ಸ್ಕ್ರೀನ್ ಶೇರ್ ಮಾಡುವಳು. ಒಂದು ದಿನ ಅವಳ ಪೇಜಿನಲ್ಲಿ ಹೆಸರು ಬರಬೇಕಾದ ಕಡೆ 'ಅನ್‌ಡಿಫೈನ್ಡ್' ಅಂತ ಬರುತ್ತಿತ್ತು. ಸರ್ವರಿನಿಂದ ಡೇಟಾ ಬರುವ ಮೊದಲೇ ಪೇಜು ಅದನ್ನು ತೋರಿಸಲು ಹೊರಟಿತ್ತು. ಡೇಟಾ ಬರುವ ತನಕ ಕಾಯಿ ಅಂತ ಹೇಳುವ 'ಅವೇಟ್' ಹಾಕಲು ಬಿಟ್ಟುಹೋಗಿತ್ತು, ಅಷ್ಟೇ. ನಾನು ಉತ್ತರ ಹೇಳಲಿಲ್ಲ. "ಯಾವುದು ಮೊದಲು ಓಡುತ್ತದೆ, ಒಂದೊಂದೇ ಸಾಲು ಹೇಳುತ್ತಾ ಹೋಗು" ಅಂದೆ. ಕನ್ನಡದಲ್ಲೇ ಹೇಳುತ್ತಾ ಹೋದಳು. ನಡುವೆ ನಿಂತು "ಓ, ಇನ್ನೂ ಬಂದೇ ಇಲ್ಲ ಅಲ್ವಾ ಸರ್" ಅಂದಳು. ಆಮೇಲೆ ಅಂಥ ತಪ್ಪನ್ನು ಅವಳೇ ಹುಡುಕಿಕೊಳ್ಳುತ್ತಿದ್ದಳು.

ಮುಂದೆ ಎರಡು ಬ್ಯಾಚನ್ನು ಒಂದು ಮಾಡಿದರು. ಲೈವ್ ಕ್ಲಾಸ್ ಹೋಗಿ ರೆಕಾರ್ಡಿಂಗ್ ಬಂತು. ಡೌಟ್ ಸೆಷನ್ ಜಾಗಕ್ಕೆ ಚಾಟ್‌ಬಾಟ್ ಬಂತು, ನಮ್ಮ ಕೆಲಸ ಹೋಯಿತು. ಬಾಟ್ ಸರಿಯಾದ ಕೋಡನ್ನೇ ಇಂಗ್ಲಿಷಿನಲ್ಲಿ ಕೊಡುತ್ತದೆ. ಕಾಪಿ ಮಾಡಿ ಹಾಕಿದರೆ ಓಡುತ್ತದೆ. ಯಾಕೆ ಓಡಿತು ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ ಬಾಯಿ ಕಟ್ಟುತ್ತದೆ. ಫೀಸು ಮಾತ್ರ ಮೊದಲಿನಷ್ಟೇ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಕ್ಲಾಸಿನಲ್ಲಿ ಇಂಗ್ಲಿಷ್ ಅಂತ ಬೆಳೆದ ನಮ್ಮ ಮಕ್ಕಳಿಗೆ ಬಿಡಿಸಿ ಹೇಳುವ ಆ ಒಬ್ಬ ಮನುಷ್ಯನಿಗಾಗಿಯೇ ದುಡ್ಡು ಕೊಡಬೇಕು.

ಆದ್ದರಿಂದ ಸೇಲ್ಸ್‌ನವರು ಫೋನ್ ಮಾಡಿದಾಗ ಬೇರೆ ಮಾತು ಬಿಟ್ಟು, "ನನ್ನ ತಂಗಿಯ ಕೋಡ್ ಯಾರು ಓದುತ್ತಾರೆ? ಈ ವಾರದ ಲೈವ್ ಕ್ಲಾಸಿಗೆ ಒಂದು ಸಲ ಕೂರಿಸುತ್ತೀರಾ?" ಅಂತ ಕೇಳಿ. ಡೆಮೊ ವೀಡಿಯೊ ಕಳಿಸಿದರೆ ಉತ್ತರ ಸಿಕ್ಕಿತು ಅಂತ ತಿಳಿಯಿರಿ. ಪ್ಲೇಸ್‌ಮೆಂಟ್ ಶೇಕಡಾ ಹೇಳಿದರೆ, ಅದು ಸೇರಿದವರಲ್ಲಿ ಎಷ್ಟು ಜನವೋ 'ಅರ್ಹ'ರಲ್ಲಿ ಎಷ್ಟು ಜನವೋ ಅಂತ ಕೇಳಿ. ಹಾಜರಿ ಕಡಿಮೆಯಾದವರನ್ನು, ಟೆಸ್ಟಿನಲ್ಲಿ ಹಿಂದೆ ಬಿದ್ದವರನ್ನು ಲೆಕ್ಕದಿಂದ ಬಿಟ್ಟರೆ ಯಾರ ಶೇಕಡಾ ಬೇಕಾದರೂ ಮೇಲೇರುತ್ತದೆ. ಅಮೆರಿಕದ ಬ್ಲೂಮ್‌ಟೆಕ್ ಅನ್ನುವ ಬೂಟ್‌ಕ್ಯಾಂಪ್ ಜಾಹೀರಾತಿನಲ್ಲಿ 71ರಿಂದ 86 ಶೇಕಡಾ ಪ್ಲೇಸ್‌ಮೆಂಟ್ ಅನ್ನುತ್ತಿತ್ತು. ಒಳಗಿನ ಲೆಕ್ಕ 50ರ ಆಸುಪಾಸಿನಲ್ಲಿತ್ತು ಅಂತ ಅಲ್ಲಿನ ಗ್ರಾಹಕ ರಕ್ಷಣಾ ಸಂಸ್ಥೆ 2024ರಲ್ಲಿ ಹೇಳಿ ಕ್ರಮ ಕೈಗೊಂಡಿತು.

ಇಎಂಐ ಅಂದರೆ ಕಂಪನಿಗೆ ಕಂತು ಕಟ್ಟುವುದು ಅಂದುಕೊಳ್ಳಬೇಡಿ. ಅದು ಹೆಚ್ಚಾಗಿ ಬೇರೊಂದು ಫೈನಾನ್ಸ್ ಸಂಸ್ಥೆಯಲ್ಲಿ ತಂಗಿಯ ಹೆಸರಿನ ಅಥವಾ ನಿಮ್ಮ ಹೆಸರಿನ ಸಾಲ. ಬೂಟ್‌ಕ್ಯಾಂಪ್ ನಾಳೆ ಮುಚ್ಚಿದರೂ ಅವರು ಕಂತು ಕೇಳುತ್ತಾರೆ, ತಪ್ಪಿದರೆ ಸಿಬಿಲ್ ಸ್ಕೋರ್ ಬೀಳುತ್ತದೆ. 1.8 ಲಕ್ಷದ ಮೇಲೆ 18 ಶೇಕಡಾ ಜಿಎಸ್‌ಟಿ ಬೇರೆ ಇದೆಯಾ ಅಂತಲೂ ಕೇಳಿ.

ತಂಗಿಗೆ ಈ ಕೆಲಸ ಇಷ್ಟವಾ ಅಂತ ಮೊದಲು ಗೊತ್ತಾಗಲಿ. ಕೋಡಿಂಗ್ ಕಲಿಸುವ ಫ್ರೀಕೋಡ್‌ಕ್ಯಾಂಪ್ ವೆಬ್‌ಸೈಟ್ ಪೂರ್ತಿ ಉಚಿತ. ಎನ್‌ಪಿಟಿಇಎಲ್‌ನಲ್ಲಿ ಐಐಟಿಯವರ ಪಾಠ ಕೇಳಲು ದುಡ್ಡಿಲ್ಲ, ಪರೀಕ್ಷೆ ಬರೆಯುವುದಾದರೆ ಮಾತ್ರ ಫೀಸು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ಪಾಠಗಳಿವೆ. ಮೂರು ತಿಂಗಳು ಕೂತು ಮಾಡಲಿ. ಆಮೇಲೂ ಆಸೆ ಇದ್ದರೆ, ಗಣಿತ ಓದಿದವಳು, ಮಂಗಳೂರಿನಲ್ಲಿ ಎಂಸಿಎ ನೋಡಬಹುದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಕೂಡ ಇದೆ, ಅವಳ ಡಿಗ್ರಿಗೆ ಸೀಟು ಸಿಗುತ್ತದಾ ವಿಚಾರಿಸಿ. ಡಿಗ್ರಿ ಕೈಯಲ್ಲಿದ್ದರೆ ಕ್ಯಾಂಪಸ್ ಇಂಟರ್‌ವ್ಯೂಗಾದರೂ ಕರೆಯುತ್ತಾರೆ.

ಸಾಲಕ್ಕೆ ಈಗಾಗಲೇ ಓಟಿಪಿ ಕೊಟ್ಟಾಗಿದ್ದರೆ, ಸಾಲದ ಬಡ್ಡಿ, ಷರತ್ತು ಬರೆದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ತೆಗೆದು ಕೂಲಿಂಗ್ ಆಫ್ ಅವಧಿ ಎಷ್ಟು ಅಂತ ಇವತ್ತೇ ನೋಡಿ. ಆನ್‌ಲೈನ್ ಸಾಲಕ್ಕೆ ಆರ್‌ಬಿಐ ಮಾಡಿದ ನಿಯಮ ಅದು. ಆ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಗೆ ಬರಬಹುದು. ಫೋನಿನಲ್ಲಿ ಹೇಳಿದರೆ ಸಾಲದು, ಫೈನಾನ್ಸಿನವರಿಗೂ ಬೂಟ್‌ಕ್ಯಾಂಪಿನವರಿಗೂ ಇಮೇಲ್ ಮಾಡಿ.