ಸಂಜೆ ಆರೂವರೆ ಕಾರ್ಯಕ್ರಮ ಮಧ್ಯರಾತ್ರಿಗೆ ಹೋಗಿದ್ದು ಯಾಕೆ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಕಾಫಿ ಹೂವಾಗುವ ಹೊತ್ತಿಗೆ ಹಳೆಯ ಅತಿಥಿಗಳನ್ನು ಇಮೇಲ್ ಮಾಡಿ ಕರೆಯುತ್ತೇವೆ. ಓದಿ ಮರೆತುಬಿಡುತ್ತಾರೆ. ನಾವೇ ಅವರ ಕ್ಯಾಲೆಂಡರಿಗೆ ತಾರೀಖು ಹಾಕಿಬಿಡಬಹುದಾ? ಕಳೆದ ಸಲ ಫೈಲ್ ಕಳಿಸಿದ್ದೆವು, ಸಂಜೆ 6:30ರ ಕಾರ್ಯಕ್ರಮ ಎಲ್ಲರಿಗೂ ರಾತ್ರಿ 12 ಗಂಟೆ ಅಂತ ತೋರಿಸಿತು.

ಉತ್ತರ: ಹಾಕಿಬಿಡಬೇಡಿ. ತಿಂಗಳಿಗೆ ಮೂರು ಜನವಾದರೂ ಇದನ್ನೇ ಕೇಳುತ್ತಾರೆ, ನನಗೆ ನಿಜಕ್ಕೂ ಬೇಜಾರಾಗುತ್ತದೆ. ಕೇಳದೆ ಇನ್ನೊಬ್ಬರ ಮನೆ ಗೋಡೆಗೆ ಪೋಸ್ಟರ್ ಅಂಟಿಸುತ್ತೀರಾ? ಕ್ಯಾಲೆಂಡರೂ ಹಾಗೇ. ಅದರಲ್ಲಿ ಅವರ ಮಗುವಿನ ಪರೀಕ್ಷೆ ಇರುತ್ತದೆ, ಅಮ್ಮನ ಆಸ್ಪತ್ರೆ ದಿನ ಇರುತ್ತದೆ. ನೀವು ಕಳಿಸಿದ ಐಸಿಎಸ್ ಫೈಲು, ಅಂದರೆ ಕ್ಯಾಲೆಂಡರಿಗೆ ಸೇರಿಸುವ ಫೈಲು, ಅದರಲ್ಲಿ ಮೆಥಡ್ ಅನ್ನುವ ಸಾಲು ಇದೆಯಲ್ಲ, ಅಲ್ಲಿ 'ರಿಕ್ವೆಸ್ಟ್' ಅಂತ ಇದ್ದರೆ ಅದು ಮೀಟಿಂಗ್ ಆಹ್ವಾನವಾಗುತ್ತದೆ, ಎಷ್ಟೋ ಜನರಿಗೆ ಒಪ್ಪುವ ಮೊದಲೇ ಕ್ಯಾಲೆಂಡರಿನಲ್ಲಿ ಬಂದು ಕೂರುತ್ತದೆ. ಸ್ಪ್ಯಾಮ್ ಕಳಿಸುವವರು ಇದೇ ದಾರಿ ಹಿಡಿದಿದ್ದಕ್ಕೇ ಗೂಗಲ್ ಕ್ಯಾಲೆಂಡರಿನಲ್ಲಿ 'ಪರಿಚಯದವರು ಕಳಿಸಿದರೆ ಮಾತ್ರ ಸೇರಿಸು' ಅನ್ನುವ ಆಯ್ಕೆ ಬಂದಿರುವುದು. ನೀವು 'ಪಬ್ಲಿಷ್' ಅಂತ ಹಾಕಿ, ಮೇಲ್‌ನಲ್ಲಿ 'ಕ್ಯಾಲೆಂಡರಿಗೆ ಸೇರಿಸಿ' ಅಂತ ಎರಡು ಲಿಂಕ್ ಕೊಡಿ. ಒಂದು ಗೂಗಲ್ ಕ್ಯಾಲೆಂಡರಿಗೆ, ಇನ್ನೊಂದು ಐಫೋನ್, ಔಟ್‌ಲುಕ್ ಇಟ್ಟುಕೊಂಡವರಿಗೆ ಐಸಿಎಸ್ ಫೈಲು. ಬರುವ ಮನಸ್ಸಿದ್ದವರು ಒತ್ತುತ್ತಾರೆ.

ಇನ್ನು ಮಧ್ಯರಾತ್ರಿ ವಿಷಯ. ನಿಮ್ಮ ಫೈಲು ತೆರೆದು ನೋಡಿದೆ. ಶುರುವಾಗುವ ಸಮಯ 183000, ಅಂದರೆ ಹದಿನೆಂಟೂವರೆ ಗಂಟೆ, ಅಂತ ಇದೆ, ಕೊನೆಯಲ್ಲಿ ಒಂದು ಝಡ್ ಇದೆ. ಆ ಒಂದಕ್ಷರದ ಅರ್ಥ, ಇದು ಯುಟಿಸಿ, ಅಂದರೆ ಇಡೀ ಜಗತ್ತು ಲೆಕ್ಕಕ್ಕೆ ಇಟ್ಟುಕೊಂಡ ಸಮಯ ಅಂತ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹದಿನೆಂಟೂವರೆಗೆ ಐದೂವರೆ ಸೇರಿಸಿ, ಸರಿಯಾಗಿ ಇಪ್ಪತ್ನಾಲ್ಕು! ಝಡ್ ಬೇಕೇ ಬೇಕು ಅಂದರೆ 130000 ಅಂತ ಬರೆಯಬೇಕಿತ್ತು. ಝಡ್ ಕಿತ್ತುಹಾಕಿ ಸುಮ್ನೆ ಬಿಟ್ಟರೆ ಅದೂ ತಪ್ಪೇ, ದುಬೈನಲ್ಲಿ ಕೂತವರಿಗೂ ಅಲ್ಲಿನ ಆರೂವರೆ ಅಂತಲೇ ತೋರಿಸುತ್ತದೆ. ಝಡ್ ತೆಗೆದು, 183000 ಹಾಗೇ ಇಟ್ಟು, ಟೈಮ್‌ಝೋನ್ ಏಷ್ಯಾ/ಕೋಲ್ಕತ್ತಾ ಅಂತ ಬರೆಯುವುದೂ ಸರಿಯೇ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಬೇರೆಯದಕ್ಕೆ. ಕಾಫಿ ಹೂವು ನಿಮ್ಮ ಮೇಲ್ ನೋಡಿ ಅರಳುವುದಿಲ್ಲ, ಹೂಮಳೆ ಬಿದ್ದು ಎಂಟು ಹತ್ತು ದಿನ ಆಗಬೇಕು. ಅಂದರೆ ತಾರೀಖು ಬದಲಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ಹೊಸ ಫೈಲಿನಲ್ಲಿ ಯುಐಡಿ, ಅಂದರೆ ಕಾರ್ಯಕ್ರಮದ ಗುರುತು, ಹಳೆಯದೇ ಇರಲಿ, ಎಷ್ಟನೇ ತಿದ್ದುಪಡಿ ಅಂತ ಹೇಳುವ ಸೀಕ್ವೆನ್ಸ್ ಅಂಕಿಯನ್ನು ಒಂದು ಏರಿಸಿ. ಹೊಸ ಯುಐಡಿ ಹಾಕಿದರೆ ಹಳೆಯ ದಿನವೂ ಉಳಿಯುತ್ತದೆ, ಹೊಸದೂ ಸೇರುತ್ತದೆ. ಬೆಂಗಳೂರಿಂದ ಹಳೆಯ ದಿನಕ್ಕೇ ಗಾಡಿ ತಗೊಂಡು ಬಂದವರಿಗೆ ಏನು ಹೇಳುತ್ತೀರಿ? ಗೂಗಲ್ ಲಿಂಕ್ ಒತ್ತಿ ಸೇರಿಸಿಕೊಂಡವರದ್ದನ್ನಂತೂ ನೀವು ಇಲ್ಲಿಂದ ತಿದ್ದಲು ಆಗುವುದೇ ಇಲ್ಲ. ಹಾಗಾಗಿ ಇನ್ನೊಂದು ಮೇಲ್ ಕಳಿಸಿ, ವಿಷಯದ ಸಾಲಿನಲ್ಲೇ 'ದಿನ ಬದಲಾಗಿದೆ, ಹಳೆಯದನ್ನು ಅಳಿಸಿ' ಅಂತ ಬರೆಯಿರಿ. ನಾನಾದರೆ ಮಳೆ ಬೀಳುವ ತನಕ ಲಿಂಕನ್ನೇ ಕೊಡುವುದಿಲ್ಲ.

ಪ್ರಶ್ನೆ: ಬೇಲೂರಿನಿಂದ. ಪೋಸ್ಟರ್ ಚಿತ್ರದಲ್ಲೇ ತಾರೀಖು ಇದೆ, ಅಷ್ಟು ಸಾಕಲ್ವಾ?

ಉತ್ತರ: ಸಾಲದು. ಎಷ್ಟೋ ಕಡೆ ಚಿತ್ರ ತೆರೆಯುವುದೇ ಇಲ್ಲ, ತಾರೀಖನ್ನು ಅಕ್ಷರದಲ್ಲೂ ಬರೆಯಿರಿ.

ಪ್ರಶ್ನೆ: ಮೇಲ್ ತೆರೆದ ತಕ್ಷಣ ತಾನಾಗಿ ಕ್ಯಾಲೆಂಡರಿಗೆ ಸೇರುವ ಜಾವಾಸ್ಕ್ರಿಪ್ಟ್ ಕೋಡ್ ಮಾರುತ್ತಿದ್ದಾರೆ. ಕೊಳ್ಳಲಾ?

ಉತ್ತರ: ದುಡ್ಡು ಕೊಡಬೇಡಿ. ಜಿಮೇಲ್ ಆಗಲಿ ಔಟ್‌ಲುಕ್ ಆಗಲಿ ಮೇಲ್ ಒಳಗಿನ ಜಾವಾಸ್ಕ್ರಿಪ್ಟನ್ನು ಓಡಲು ಬಿಡುವುದಿಲ್ಲ. ಇದನ್ನು ಮಾರುವವರು ಮೋಸ ಮಾಡುತ್ತಿದ್ದಾರೆ, ಹಾಸನದಲ್ಲೇ ಇಬ್ಬರು ಅಂಗಡಿಯವರು ಹೀಗೆ ದುಡ್ಡು ಕಳೆದುಕೊಂಡು ನನ್ನ ಹತ್ತಿರ ಬಂದಿದ್ದರು.

ಪ್ರಶ್ನೆ: ಹಾಸನದ ನಮ್ಮ ಸೀರೆ ಅಂಗಡಿಯಲ್ಲಿ 10, 11, 12ಕ್ಕೆ ಸೇಲ್. ಫೋನಿನಲ್ಲಿ ಎರಡೇ ದಿನ ತೋರಿಸುತ್ತಿದೆ.

ಉತ್ತರ: ಇಡೀ ದಿನದ ಕಾರ್ಯಕ್ರಮಕ್ಕೆ ಮುಗಿಯುವ ತಾರೀಖು ಲೆಕ್ಕಕ್ಕೆ ಸೇರುವುದಿಲ್ಲ. 13 ಅಂತ ಹಾಕಿ.