2.2 ಜಿಬಿ ದತ್ತಾಂಶ 19 ಜಿಬಿ ಆಗಿದ್ದು ಹೇಗೆ: ಏನನ್ನೂ ಅಳಿಸುವ ಮೊದಲು ಇದನ್ನು ಓದಿ

ನಮಸ್ಕಾರ. ನಿಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಡಿಸ್ಕಿನಲ್ಲಿ ಇಷ್ಟು ಊದಿದ್ದೇಕೆ ಎಂಬ ಪ್ರಶ್ನೆಗೆ ಇದು ನನ್ನ ಉತ್ತರ. ಮೊದಲ ಮಾತು: ಈ ಚರ್ಚೆಯಲ್ಲಿ ಮೇಲೆ ಒಬ್ಬರು ಸೂಚಿಸಿದಂತೆ, ಪೋಸ್ಟ್‌ಗ್ರೆಸ್ ತನ್ನ ಬದಲಾವಣೆಗಳನ್ನು ಬರೆದಿಡುವ ಪಿಜಿ_ವಾಲ್ ಫೋಲ್ಡರ್‌ನ ಫೈಲುಗಳನ್ನು ಕೈಯಾರೆ ಅಳಿಸಬೇಡಿ. ಹೆಸರು ನೋಡಿದರೆ ಯಾವುದೋ ಹಳೆಯ ಲಾಗ್ ಎನಿಸಬಹುದು, ಆದರೆ ಅದನ್ನು ಅಳಿಸಿದರೆ ಡೇಟಾಬೇಸ್ ಮತ್ತೆ ಶುರುವಾಗದೇ ಹೋಗಬಹುದು. ಆ ಫೋಲ್ಡರ್ ಹಿಡಿದಿರುವ 7 ಜಿಬಿಯನ್ನು ಸುರಕ್ಷಿತವಾಗಿ ಬಿಡಿಸಿಕೊಳ್ಳುವ ದಾರಿ ಬೇರೆ ಇದೆ, ಕೆಳಗೆ ಬರೆದಿದ್ದೇನೆ.

ನೀವು ಬರೆದದ್ದನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಅಡಿಕೆ ತೋಟದಲ್ಲಿ 10 ಕಡೆ ಸೆನ್ಸರ್ ಪೆಟ್ಟಿಗೆಗಳಿವೆ. ಪ್ರತಿಯೊಂದೂ ಮಣ್ಣಿನ ತೇವ, ಮಣ್ಣಿನ ಉಷ್ಣತೆ, ಗಾಳಿಯ ಉಷ್ಣತೆ, ಗಾಳಿಯ ತೇವ ಎಂಬ ನಾಲ್ಕು ಅಳತೆಗಳನ್ನು 30 ಸೆಕೆಂಡಿಗೊಮ್ಮೆ ಕಳುಹಿಸುತ್ತದೆ. ಮನೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ, 32 ಜಿಬಿ ಕಾರ್ಡಿನ ಮೇಲೆ, ಪೋಸ್ಟ್‌ಗ್ರೆಸ್ ನಡೆಯುತ್ತಿದೆ. ಸುಮಾರು 5 ಕೋಟಿ ಸಾಲುಗಳನ್ನು ಸಿಎಸ್‌ವಿಗೆ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲಿಗೆ, ಇಳಿಸಿದಾಗ 2.2 ಜಿಬಿ ಬಂದಿತ್ತು, ಡೇಟಾಬೇಸ್ ಫೋಲ್ಡರ್ ಮಾತ್ರ 19 ಜಿಬಿ ತೋರಿಸುತ್ತಿದೆ. ತೇವದ ಸೆನ್ಸರ್‌ಗಳ ತಪ್ಪು ಸರಿಪಡಿಸಲು ಇಡೀ ಟೇಬಲ್ ಮೇಲೆ ಒಮ್ಮೆ ಅಪ್‌ಡೇಟ್ ಓಡಿಸಿದ್ದೀರಿ. ಆಮೇಲೆ ಹಳೆಯ ಲ್ಯಾಪ್‌ಟಾಪಿಗೆ ನಕಲು ಹೋಗುವಂತೆ ಮಾಡಿ, ಕೊನೆಗೆ ಆ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿದ್ದೀರಿ. ಜಾಗ ಸಾಲದೆ 1.9 ಕೋಟಿ ಹಳೆಯ ಸಾಲುಗಳನ್ನು ಅಳಿಸಿದಾಗ ಡಿಸ್ಕ್ ಇಳಿಯುವ ಬದಲು ಇನ್ನಷ್ಟು ತುಂಬಿದ್ದೇಕೆ ಎಂದು ಕೇಳಿದ್ದೀರಿ.

ನಿಮ್ಮ ಡೇಟಾಬೇಸ್ ಕೆಟ್ಟಿಲ್ಲ. ಆ 19 ಜಿಬಿಯಲ್ಲಿ ಪ್ರತಿ ಭಾಗಕ್ಕೂ ಒಂದು ಕಾರಣವಿದೆ. ಯಾವ ಭಾಗ ಯಾವ ಕಾರಣಕ್ಕೆ ಸೇರಿದ್ದು ಎಂದು ಗೊತ್ತಾದ ಮೇಲೆ ಬಿಡಿಸುವುದು ಕಷ್ಟವಲ್ಲ.

ಒಂದು ಸಾಲಿನಿಂದ ಆರಂಭಿಸೋಣ. ಸಿಎಸ್‌ವಿಯಲ್ಲಿ ನಿಮ್ಮ ಸಾಲು ಹೀಗಿರುತ್ತದೆ: 7,2024-06-14 05:30:10+05:30,3,27.4,48210377. ಸಾಲಿನ ಕೊನೆಯ ಗುರುತೂ ಸೇರಿ 44 ಬೈಟ್. ಇದೇ ಸಾಲು ಪೋಸ್ಟ್‌ಗ್ರೆಸ್ ಒಳಗೆ ಹೋದಾಗ ಮೊದಲಿಗೆ 23 ಬೈಟ್‌ಗಳ ತಲೆಪಟ್ಟಿ ಸೇರುತ್ತದೆ. ಈ ಸಾಲನ್ನು ಯಾವ ವ್ಯವಹಾರ (ಟ್ರಾನ್ಸಾಕ್ಷನ್) ಹುಟ್ಟಿಸಿತು, ಯಾವುದು ಅಳಿಸಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಎಂಟರ ಗುಣಕಕ್ಕೆ ಹೊಂದಿಸಲು ಅದು 24 ಆಗುತ್ತದೆ. ಪುಟದೊಳಗೆ ಸಾಲು ಎಲ್ಲಿದೆ ಎಂದು ತೋರಿಸುವ ಗುರುತಿಗೆ ಇನ್ನೂ 4 ಬೈಟ್. ನಿಮ್ಮ ಕಾಲಂಗಳ ಕ್ರಮ ಪೆಟ್ಟಿಗೆ ಸಂಖ್ಯೆ, ಸಮಯ, ಅಳತೆಯ ಬಗೆ, ಮೌಲ್ಯ, ಐಡಿ ಎಂದಿದೆ. ಪೆಟ್ಟಿಗೆ ಸಂಖ್ಯೆಗೆ ಬೇಕಾದ್ದು 2 ಬೈಟ್. ಅದರ ಮುಂದಿನ ಸಮಯದ ಕಾಲಂ 8ರ ಗುಣಕದಲ್ಲೇ ಕೂರಬೇಕಾದ್ದರಿಂದ ನಡುವೆ 6 ಬೈಟ್ ಖಾಲಿ ಬೀಳುತ್ತದೆ. ಅಳತೆಯ ಬಗೆಯ ಮುಂದೆಯೂ ಇದೇ ಕಥೆ, ಮತ್ತೆ 6 ಬೈಟ್ ಖಾಲಿ. ಹೀಗೆ ಕಾಲಂಗಳೇ 40 ಬೈಟ್ ಆಗಿ, ಒಟ್ಟು 68 ಬೈಟ್ ಬೇಕಾಗುತ್ತದೆ.

ಪೋಸ್ಟ್‌ಗ್ರೆಸ್ ಎಲ್ಲವನ್ನೂ 8192 ಬೈಟ್‌ಗಳ ಪುಟಗಳಲ್ಲಿ ಇಡುತ್ತದೆ, ಅದರಲ್ಲಿ 24 ಪುಟದ ತಲೆಗೆ. ಒಂದು ಪುಟಕ್ಕೆ ನಿಮ್ಮ 120 ಸಾಲು ಹಿಡಿಯುತ್ತವೆ. 5 ಕೋಟಿ ಸಾಲಿಗೆ ಸುಮಾರು 3.4 ಜಿಬಿ ಆಯಿತು. ಐಡಿಯ ಮೇಲಿನ ಇಂಡೆಕ್ಸಿಗೆ, ಅಂದರೆ ಸಾಲನ್ನು ಬೇಗ ಹುಡುಕಲು ಇರುವ ಸೂಚಿಗೆ, ಸುಮಾರು 1.1 ಜಿಬಿ. ಪೆಟ್ಟಿಗೆ, ಬಗೆ, ಸಮಯ ಮೂರನ್ನೂ ಸೇರಿಸಿ ಮಾಡಿದ ಯುನೀಕ್ (ಒಂದೇ ಸಾಲು ಎರಡು ಸಲ ಬರದಂತೆ ತಡೆಯುವ) ಇಂಡೆಕ್ಸಿಗೆ ಸುಮಾರು 1.5 ಜಿಬಿ. ಅಲ್ಲಿಗೆ 6 ಜಿಬಿ. ಇಷ್ಟರವರೆಗೆ ಯಾವ ತೊಂದರೆಯೂ ಇಲ್ಲ. ಅಚ್ಚುಕಟ್ಟಾಗಿ ನಡೆಯುವ ಡೇಟಾಬೇಸ್‌ನಲ್ಲೂ ಮೂಲ ಪಠ್ಯದ ಎರಡು ಮೂರು ಪಟ್ಟು ಜಾಗ ಹೋಗುವುದು ಹೀಗೆ. ಕಳೆದ ತಿಂಗಳ ಒಂದು ದಿನದ ತೇವವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆದು ಕೊಡುವುದು ಆ ಇಂಡೆಕ್ಸೇ. "ಸಿಎಸ್‌ವಿ ಸಾಕಲ್ಲವೇ" ಎಂದು ಮೇಲೆ ಕೇಳಿದವರಿಗೂ ಇದೇ ನನ್ನ ಉತ್ತರ.

ಈಗ ಅಪ್‌ಡೇಟ್ ವಿಷಯ. ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿ.

ಪೋಸ್ಟ್‌ಗ್ರೆಸ್ ಒಂದು ಸಾಲನ್ನು ಬದಲಿಸುವಾಗ ಇದ್ದ ಜಾಗದಲ್ಲೇ ತಿದ್ದುವುದಿಲ್ಲ. ಕಿರಾಣಿ ಅಂಗಡಿಯ ಖಾತೆ ಪುಸ್ತಕದಲ್ಲಿ ಹಳೆಯ ಬಾಕಿಯ ಮೇಲೆ ಗೆರೆ ಎಳೆದು ಹೊಸದನ್ನು ಕೆಳಗೆ ಬರೆಯುತ್ತಾರಲ್ಲ, ಹಾಗೆ. ಹಳೆಯ ಸಾಲು ಅಲ್ಲೇ ಉಳಿಯುತ್ತದೆ, ಹೊಸ ಸಾಲು ಬೇರೆ ಜಾಗದಲ್ಲಿ ಹುಟ್ಟುತ್ತದೆ. ನೀವು ತಿದ್ದುತ್ತಿರುವಾಗಲೇ ಇನ್ನೊಂದು ಪ್ರೋಗ್ರಾಂ ಗ್ರಾಫ್ ಬಿಡಿಸುತ್ತಿದ್ದರೆ ಅದಕ್ಕೆ ಹಳೆಯ ಲೆಕ್ಕ ಪೂರ್ತಿಯಾಗಿ ಸಿಗಬೇಕು, ನಡುವೆ ಕರೆಂಟ್ ಹೋದರೆ ಹಳೆಯದಕ್ಕೆ ಮರಳಲು ಆಗಬೇಕು ಎಂಬುದಕ್ಕೆ ಈ ವ್ಯವಸ್ಥೆ. ಇದರ ಬೇರು 1980ರ ದಶಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದೆ. ಮೈಕೆಲ್ ಸ್ಟೋನ್‌ಬ್ರೇಕರ್ ತಂಡ ಮೂಲ ಪೋಸ್ಟ್‌ಗ್ರೆಸ್ ರೂಪಿಸಿದಾಗ ಹಳೆಯ ಸಾಲುಗಳನ್ನು ಬೇಕೆಂದೇ ಉಳಿಸಿಕೊಂಡಿತ್ತು, "ಆ ದಿನ ಈ ಟೇಬಲ್ ಹೇಗಿತ್ತು" ಎಂದು ಕೇಳುವ ಸೌಲಭ್ಯವೂ ಇತ್ತು. ಆ ಸೌಲಭ್ಯವನ್ನು ಮುಂದೆ ಕೈಬಿಟ್ಟರು, ಬರೆಯುವ ರೀತಿ ಮಾತ್ರ ಉಳಿಯಿತು.

ನೀವು ಒಂದೇ ಏಟಿಗೆ 5 ಕೋಟಿ ಸಾಲು ಬದಲಿಸಿದಾಗ 5 ಕೋಟಿ ಹೊಸ ಸಾಲುಗಳು ಫೈಲಿನ ಕೊನೆಗೆ ಸೇರಿದವು. ಪ್ರತಿ ಹೊಸ ಸಾಲಿಗೂ ಎರಡೂ ಇಂಡೆಕ್ಸ್‌ಗಳಲ್ಲಿ ಹೊಸ ನಮೂದು ಬಂತು. 6 ಜಿಬಿ 12 ಆಯಿತು. ಆಮೇಲೆ ಪೋಸ್ಟ್‌ಗ್ರೆಸ್ ತಾನಾಗಿಯೇ ಓಡಿಸುವ ಆಟೋವ್ಯಾಕ್ಯೂಂ ಎಂಬ ಗುಡಿಸುವ ಪ್ರೋಗ್ರಾಂ ಬಂದು ಫೈಲಿನ ಮೊದಲ ಅರ್ಧದ ಸತ್ತ ಸಾಲುಗಳನ್ನು ಗುಡಿಸಿ "ಇಲ್ಲಿ ಜಾಗ ಇದೆ" ಎಂದು ಗುರುತು ಹಾಕಿರುತ್ತದೆ. ಆ ಜಾಗ ಪೋಸ್ಟ್‌ಗ್ರೆಸ್‌ಗೆ ಸಿಕ್ಕಿತೇ ಹೊರತು ಲಿನಕ್ಸ್‌ಗೆ ಮರಳಲಿಲ್ಲ. ಸಾಮಾನ್ಯ ವ್ಯಾಕ್ಯೂಂ ಫೈಲನ್ನು ಮೊಟಕು ಮಾಡುವುದು ಫೈಲಿನ ಬಾಲದ ಪುಟಗಳು ಪೂರ್ತಿ ಖಾಲಿ ಇದ್ದರೆ ಮಾತ್ರ. ನಿಮ್ಮ ಬಾಲದಲ್ಲಿ ಬದುಕಿರುವ ಸಾಲುಗಳಿವೆ. 1.9 ಕೋಟಿ ಸಾಲು ಅಳಿಸಿದಾಗಲೂ ಖಾಲಿಯಾದದ್ದು ನಡುವಿನ ಭಾಗವೇ, ಹಾಗಾಗಿ ಫೈಲಿನ ಅಳತೆ ಒಂದು ಚೂರೂ ಬದಲಾಗಲಿಲ್ಲ. ಒಳ್ಳೆಯ ಸುದ್ದಿಯೆಂದರೆ, ಹೊಸದಾಗಿ ಬರುವ ಅಳತೆಗಳು ಈ ಖಾಲಿ ಜಾಗವನ್ನೇ ತುಂಬುತ್ತವೆ. ಟೇಬಲ್ ಸದ್ಯಕ್ಕೆ ಬೆಳೆಯುವುದಿಲ್ಲ.

ಅಳಿಸಿದ ಮೇಲೆ ಡಿಸ್ಕ್ ಇನ್ನಷ್ಟು ತುಂಬಿದ್ದು ಏಕೆ? ಪೋಸ್ಟ್‌ಗ್ರೆಸ್ ಯಾವ ಪುಟವನ್ನು ಮುಟ್ಟುವ ಮೊದಲೂ ಆ ಬದಲಾವಣೆಯನ್ನು ವಾಲ್‌ನಲ್ಲಿ, ಅಂದರೆ ಪಿಜಿ_ವಾಲ್ ಫೋಲ್ಡರ್‌ನ 16 ಎಂಬಿ ಫೈಲುಗಳಲ್ಲಿ ಬರೆದಿಡುತ್ತದೆ. ಸಾಲು ಅಳಿಸುವುದೂ ಒಂದು ಬದಲಾವಣೆಯೇ. ಅಷ್ಟೇ ಅಲ್ಲ, ಪ್ರತಿ ಚೆಕ್‌ಪಾಯಿಂಟ್ (ಮೆಮೊರಿಯಲ್ಲಿರುವ ಬದಲಾವಣೆಗಳನ್ನೆಲ್ಲ ಡಿಸ್ಕಿನ ಪುಟಗಳಿಗೆ ಇಳಿಸುವ ಹಂತ) ಆದ ಮೇಲೆ ಒಂದು ಪುಟವನ್ನು ಮೊದಲ ಸಲ ಮುಟ್ಟಿದಾಗ ಆ 8 ಕೆಬಿ ಪುಟದ ಪೂರ್ತಿ ಪ್ರತಿಯನ್ನೇ ವಾಲ್‌ಗೆ ಹಾಕುತ್ತದೆ. ಪುಟ ಅರ್ಧ ಬರೆದಿರುವಾಗ ಕರೆಂಟ್ ಹೋದರೆ ಅದನ್ನು ಸರಿಪಡಿಸಲು ಬೇರೆ ದಾರಿಯಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ನಂಬಿಕೊಂಡು ಪೈ ನಡೆಸುವವರು ಈ ರಕ್ಷಣೆಯನ್ನು ಜಾಗದ ಆಸೆಗೆ ಆಫ್ ಮಾಡಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಾಲ್ ಬರೆಯುವುದು ಸರಿ, ಆದರೆ ಉಳಿದುಕೊಂಡಿದ್ದೇಕೆ? ಸಾಮಾನ್ಯವಾಗಿ ಚೆಕ್‌ಪಾಯಿಂಟ್ ಮುಗಿದ ಮೇಲೆ ಹಳೆಯ ಫೈಲುಗಳನ್ನು ತೆಗೆಯುತ್ತದೆ ಅಥವಾ ಮರುಬಳಸುತ್ತದೆ. ವಾಲ್ ಎಷ್ಟು ಬೆಳೆಯಬಹುದು ಎಂದು ಹೇಳುವ ಮ್ಯಾಕ್ಸ್_ವಾಲ್_ಸೈಜ್ ಹುಟ್ಟುವಾಗಲೇ 1 ಜಿಬಿ ಎಂದಿರುತ್ತದೆ. 7 ಜಿಬಿ ಆಗಿದೆ ಎಂದರೆ ಯಾರೋ ಹಿಡಿದಿಟ್ಟುಕೊಂಡಿದ್ದಾರೆ. ನಿಮ್ಮ ವಿವರ ನೋಡಿದರೆ ಅದು ಫಾರ್ಮ್ಯಾಟ್ ಆದ ಲ್ಯಾಪ್‌ಟಾಪಿನ ರೆಪ್ಲಿಕೇಶನ್ ಸ್ಲಾಟ್ ಎಂದೇ ನನ್ನ ಊಹೆ. ಸ್ಲಾಟ್ ಎಂದರೆ ನಕಲು ಯಂತ್ರಕ್ಕೆ ಕೊಟ್ಟ ಮಾತು: "ನೀನು ಓದುವವರೆಗೂ ಏನನ್ನೂ ಅಳಿಸುವುದಿಲ್ಲ". ಲ್ಯಾಪ್‌ಟಾಪ್ ಹೋಯಿತು, ಮಾತು ಹಾಗೆಯೇ ಉಳಿಯಿತು. ನಿಮ್ಮ ಪೈ ಕಾರ್ಡ್ ತುಂಬುವವರೆಗೂ ಅದನ್ನು ನಡೆಸಿಕೊಡುತ್ತದೆ.

ಮಾಡಬೇಕಾದ ಕೆಲಸದಲ್ಲಿ ಕ್ರಮ ಬಹಳ ಮುಖ್ಯ. ಮೊದಲು ಪಿಜಿ_ಡಂಪ್ ಆಜ್ಞೆಯಿಂದ ಡೇಟಾಬೇಸ್‌ನ ಪ್ರತಿ ತೆಗೆದು ಬೇರೆ ಪೆನ್‌ಡ್ರೈವಿನಲ್ಲಿ ಇಡಿ. ಅದರಲ್ಲಿ ಸಾಲುಗಳ ಜೊತೆ ಇಂಡೆಕ್ಸ್ ಕಟ್ಟುವ ಆಜ್ಞೆ ಮಾತ್ರ ಇರುತ್ತದೆ, ಇಂಡೆಕ್ಸ್‌ನ ಒಡಲು ಇರುವುದಿಲ್ಲ. ಆದ್ದರಿಂದ ಅದು ಚಿಕ್ಕದಾಗಿಯೇ ಇರುತ್ತದೆ. ಬಳಿಕ ಸ್ಲಾಟ್‌ಗಳ ಪಟ್ಟಿ ಕೊಡುವ ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್ ಎಂಬ ವ್ಯೂ ತೆರೆದು ನೋಡಿ. ಆಕ್ಟಿವ್ ಕಾಲಂನಲ್ಲಿ ಎಫ್ (ಇಲ್ಲ) ಎಂದಿರುವ ಸಾಲು ಕಂಡರೆ ಅದೇ ಕಳ್ಳ. ಪಿಜಿ_ಡ್ರಾಪ್_ರೆಪ್ಲಿಕೇಶನ್_ಸ್ಲಾಟ್ ಎಂಬ ಫಂಕ್ಷನ್‌ಗೆ ಆ ಸ್ಲಾಟಿನ ಹೆಸರು ಕೊಟ್ಟು ತೆಗೆದುಹಾಕಿ, ಆಮೇಲೆ ಚೆಕ್‌ಪಾಯಿಂಟ್ ಆಜ್ಞೆ ಕೊಡಿ. ಪಿಜಿ_ವಾಲ್ ತಾನಾಗಿಯೇ 1 ಜಿಬಿ ಆಸುಪಾಸಿಗೆ ಇಳಿಯಬೇಕು. ಸ್ಲಾಟ್ ಒಂದೂ ಇಲ್ಲದಿದ್ದರೆ ವಾಲ್ ಫೈಲುಗಳನ್ನು ಬೇರೆಡೆ ನಕಲಿಸುವ ಆರ್ಕೈವ್_ಕಮಾಂಡ್ ಅನ್ನು ನೀವು ಮೊದಲೇ ಹಾಕಿದ್ದು, ಅದು ವಿಫಲವಾಗುತ್ತಿದೆಯೇ ನೋಡಿ, ಅದೂ ಹೀಗೆಯೇ ಹಿಡಿದಿಡುತ್ತದೆ. ಮುಂದೆ ಎಂದಾದರೂ ಮತ್ತೆ ನಕಲು ಯಂತ್ರ ಜೋಡಿಸಿದರೆ, 13ನೇ ಆವೃತ್ತಿಯಿಂದ ಇರುವ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ (ಸ್ಲಾಟ್ ಹಿಡಿದಿಡಬಹುದಾದ ವಾಲ್‌ನ ಮಿತಿ) ಅನ್ನು 2 ಜಿಬಿಗೆ ಇಡಿ. ಹುಟ್ಟುವಾಗ ಅದಕ್ಕೆ ಮಿತಿಯೇ ಇರುವುದಿಲ್ಲ.

ಈ ಕೆಲಸ ಮುಗಿದ ನಂತರವೇ ವ್ಯಾಕ್ಯೂಂ ಫುಲ್. ಇದು ಟೇಬಲನ್ನೂ ಇಂಡೆಕ್ಸ್‌ಗಳನ್ನೂ ಹೊಸ ಫೈಲುಗಳಿಗೆ ಪೂರ್ತಿ ನಕಲು ಮಾಡಿ, ಆಮೇಲೆ ಹಳೆಯದನ್ನು ಬಿಡುತ್ತದೆ. ಅಂದರೆ ಜಾಗ ಬಿಡಿಸುವ ಈ ಆಜ್ಞೆಗೇ ಮೊದಲು ಜಾಗ ಬೇಕು. ನಿಮ್ಮ ಕಾರ್ಡಿನಲ್ಲಿ ಈಗ ಉಳಿದಿರುವ ಎರಡು ಮೂರು ಜಿಬಿಯಲ್ಲಿ ಇದು ಅರ್ಧಕ್ಕೆ ನಿಲ್ಲುವುದೇ ಸಂಭವ. ಸ್ಲಾಟ್ ಮೊದಲು ಎಂದು ನಾನು ಒತ್ತಿ ಹೇಳುವುದು ಅದಕ್ಕೆ. ಅದು ಓಡುವಷ್ಟು ಹೊತ್ತು ಟೇಬಲ್‌ಗೆ ಬೀಗ ಬಿದ್ದಿರುತ್ತದೆ, ಓದಲೂ ಬರುವುದಿಲ್ಲ. ಸೆನ್ಸರ್ ಸಂದೇಶ ಪಡೆಯುವ ಪ್ರೋಗ್ರಾಂ ಅಷ್ಟು ಹೊತ್ತು ಅಳತೆಗಳನ್ನು ಒಂದು ಫೈಲಿಗೆ ಬರೆದಿಟ್ಟುಕೊಳ್ಳುವಂತೆ ಮಾಡಿ.

ಅದಕ್ಕೂ ಮುಂಚೆ ಐಡಿಯ ಮೇಲಿನ ಪ್ರೈಮರಿ ಕೀಯನ್ನು, ಅಂದರೆ ಮೇಲೆ ಹೇಳಿದ ಐಡಿಯ ಇಂಡೆಕ್ಸನ್ನು, ಕಿತ್ತುಹಾಕಿ ಎಂದು ನನ್ನ ಸಲಹೆ. ಪೆಟ್ಟಿಗೆ, ಬಗೆ, ಸಮಯ ಸೇರಿದರೆ ಸಾಲು ಅನನ್ಯವಾಗಿಯೇ ಇದೆ, ಐಡಿಯನ್ನು ನೀವು ಎಲ್ಲೂ ಹುಡುಕುತ್ತಿಲ್ಲ. ಬೇರೆ ಟೇಬಲ್ ಅದನ್ನು ಆಧರಿಸಿಲ್ಲ ಎಂದು ಒಮ್ಮೆ ಖಚಿತಪಡಿಸಿಕೊಳ್ಳಿ. ಉಳಿದ 3.1 ಕೋಟಿ ಸಾಲಿಗೆ ಟೇಬಲ್ ಸುಮಾರು 2.1 ಜಿಬಿ, ಒಂದು ಇಂಡೆಕ್ಸ್ 1 ಜಿಬಿ. 12 ಇದ್ದದ್ದು 3ರ ಆಸುಪಾಸಿಗೆ ಬರುತ್ತದೆ.

ಇನ್ನು ಮುಂದಕ್ಕೆ. ಸೆನ್ಸರ್ ತಪ್ಪು ತೋರಿಸುತ್ತಿತ್ತು ಎಂದು ಮೂಲ ಅಳತೆಯನ್ನೇ ತಿದ್ದುವುದು ನನಗೆ ಒಪ್ಪಿಗೆಯಿಲ್ಲ, ಜಾಗದ ಪ್ರಶ್ನೆ ಬಿಟ್ಟರೂ ಒಪ್ಪಿಗೆಯಿಲ್ಲ. ನಾಳೆ ತಿದ್ದುಪಡಿಯ ಅಂಕಿಯೇ ತಪ್ಪು ಎಂದಾದರೆ ಮೂಲ ಎಲ್ಲಿಂದ ತರುತ್ತೀರಿ? ಪೆಟ್ಟಿಗೆ ಸಂಖ್ಯೆ, ಯಾವ ದಿನದಿಂದ, ಎಷ್ಟು ಗುಣಿಸಬೇಕು, ಎಷ್ಟು ಕೂಡಬೇಕು ಎಂಬ ಚಿಕ್ಕ ಟೇಬಲ್ ಮಾಡಿ. ಒಂದು ವ್ಯೂ (ಟೇಬಲ್‌ನಂತೆ ಓದಬಹುದಾದ, ಬರೆದಿಟ್ಟ ಪ್ರಶ್ನೆ) ಬರೆದು, ಓದುವಾಗ ತಿದ್ದಿದ ಮೌಲ್ಯ ಬರುವಂತೆ ಮಾಡಿ. ಹತ್ತು ಸಾಲಿನ ಟೇಬಲ್ ಬದಲಿಸಿದರೆ 5 ಕೋಟಿ ಸಾಲಿನ ಫಲಿತಾಂಶ ಬದಲಾಗುತ್ತದೆ, ಡಿಸ್ಕ್ ಮೇಲೆ ಏನೂ ಉಬ್ಬುವುದಿಲ್ಲ.

ಟೇಬಲನ್ನು ತಿಂಗಳವಾರು ಪಾರ್ಟಿಶನ್ ಮಾಡುವ, ಅಂದರೆ ತಿಂಗಳಿಗೊಂದು ತುಂಡಾಗಿ ಒಡೆಯುವ, ಮನಸ್ಸಿದ್ದರೆ ಇದೇ ಸಮಯ. ಹಳೆಯ ತಿಂಗಳು ಬೇಡವಾದಾಗ ಆ ಪಾರ್ಟಿಶನ್ನನ್ನೇ ಡ್ರಾಪ್ ಮಾಡಿದರೆ ಫೈಲೇ ಹೋಗುತ್ತದೆ, ಜಾಗ ತಕ್ಷಣ ಲಿನಕ್ಸ್‌ಗೆ ಮರಳುತ್ತದೆ. ಹೊಸ ಟೇಬಲ್ ಹೇಗೂ ಮಾಡುವುದರಿಂದ ಕಾಲಂಗಳನ್ನು ಸಮಯ, ಮೌಲ್ಯ, ಪೆಟ್ಟಿಗೆ, ಬಗೆ ಎಂಬ ಕ್ರಮದಲ್ಲಿ ಇಡಿ, ಐಡಿ ಬಿಡಿ, ಮೌಲ್ಯವನ್ನು 8 ಬೈಟ್‌ನ ಡಬಲ್ ಬದಲು 4 ಬೈಟ್‌ನ ರಿಯಲ್ ಮಾಡಿ. 27.4ರಂತಹ ಅಳತೆಗೆ ರಿಯಲ್‌ನ ನಿಖರತೆ ಧಾರಾಳ. ಆಗ ಕಾಲಂಗಳು 8, 4, 2, 2 ಸೇರಿ ಸರಿಯಾಗಿ 16 ಬೈಟ್. ಎಲ್ಲೂ ಖಾಲಿ ಬೀಳುವುದಿಲ್ಲ. ತಲೆಪಟ್ಟಿ ಮತ್ತು ಗುರುತು ಸೇರಿ ಸಾಲಿಗೆ 44 ಬೈಟ್, ನಿಮ್ಮ ಸಿಎಸ್‌ವಿ ಸಾಲಿನಷ್ಟೇ. ಪುಟಕ್ಕೆ 120ರ ಬದಲು 185 ಸಾಲು.

ಇಷ್ಟಾದ ಮೇಲೂ ಟೇಬಲ್ ಊದುತ್ತಿದ್ದರೆ ಸಂಪರ್ಕಗಳ ಪಟ್ಟಿಯಾದ ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ "ಐಡಲ್ ಇನ್ ಟ್ರಾನ್ಸಾಕ್ಷನ್" ಎಂದು ಗಂಟೆಗಟ್ಟಲೆ ನಿಂತಿರುವ ಸಂಪರ್ಕ ಇದೆಯೇ ನೋಡಿ. ಪೈಥಾನ್ ಪ್ರೋಗ್ರಾಂನಲ್ಲಿ ಕಮಿಟ್ ಮಾಡುವುದನ್ನು (ವ್ಯವಹಾರ ಮುಗಿಸುವುದನ್ನು) ಮರೆತರೆ ಹೀಗಾಗುತ್ತದೆ, ಅದು ತೆರೆದಿರುವವರೆಗೂ ವ್ಯಾಕ್ಯೂಂ ಅದರ ನಂತರ ಸತ್ತ ಸಾಲುಗಳನ್ನು ತೆಗೆಯಲಾರದು.

ಮೈಸೀಕ್ವೆಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರೂ ತಮ್ಮಲ್ಲಿ ಹೇಗೆ ಎಂದು ಕೇಳಿದ್ದರು. ಅಲ್ಲಿ ಪುಟ 16 ಕೆಬಿ. 8.0 ಆವೃತ್ತಿಯಿಂದ ಬದಲಾವಣೆಗಳ ದಾಖಲೆಯಾದ ಬೈನರಿ ಲಾಗ್ ತಾನಾಗಿಯೇ ಆನ್ ಇದ್ದು 30 ದಿನ ಉಳಿಯುತ್ತದೆ, ಮನೆಯ ಯಂತ್ರಕ್ಕೆ ಅಷ್ಟು ಬೇಕಿಲ್ಲ. ಒಂದೇ ಫೈಲಿನ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ನಲ್ಲೂ ಅಳಿಸಿದ ಜಾಗ ಫೈಲಿನೊಳಗೇ ಉಳಿಯುತ್ತದೆ, ವ್ಯಾಕ್ಯೂಂ ಕೊಟ್ಟರೆ ಮಾತ್ರ ಇಳಿಯುತ್ತದೆ.

ಸದ್ಯಕ್ಕೆ ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್ ಏನು ತೋರಿಸುತ್ತದೆ ಎಂದು ಇಲ್ಲಿ ಹಾಕಿ. ನನ್ನ ಊಹೆ ಸರಿಯಿದ್ದರೆ ಉಳಿದ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮುಂದುವರಿಸಿ; ಬೇರೇನಾದರೂ ಕಂಡರೆ ವ್ಯಾಕ್ಯೂಂ ಫುಲ್‌ಗೆ ಕೈ ಹಾಕುವ ಮೊದಲು ತಿಳಿಸಿ.